ರಕ್ತ ತೆಗೆದ ಕಾಲದಿಂದ ರಕ್ತ ಚುಚ್ಚುವ ಕಾಲಕ್ಕೆ: ಬೋಳುತಲೆಯ ಒಂದು ಚರಿತ್ರೆ



ಕಳೆದ ತಿಂಗಳು ನಮ್ಮ ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ ಕುರ್ಚಿಗಳನ್ನು ಮಡಚಿಡುತ್ತಿದ್ದೆ. ಸಹಾಯಕ್ಕೆ ನಿಂತವನು ನನ್ನ ಹಳೆಯ ವಿದ್ಯಾರ್ಥಿ. ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರವೇ ಕಾಗುಣಿತ ತಿದ್ದಿದವನು, ಈಗ ಕಾಲೇಜು ಮುಗಿಸುತ್ತಿದ್ದಾನೆ. ತಲೆಯ ಮೇಲೆ ಸದಾ ಜೈಂಟ್ಸ್ ಟೋಪಿ. ಒಳಗೆ ಬಂದರೂ ತೆಗೆಯುವುದಿಲ್ಲ, ಸರಸ್ವತಿ ಪೂಜೆಯ ದಿನವೂ ತೆಗೆದಿರಲಿಲ್ಲ. ಪಕ್ಕದಲ್ಲಿ ಅವನ ಇಬ್ಬರು ಸ್ನೇಹಿತರಿದ್ದರು, ಅವರಿಗೆ ಕನ್ನಡ ಬಾರದು. ಅವರಿಗೆ ತಿಳಿಯಬಾರದೆಂದೇ ಕನ್ನಡದಲ್ಲಿ ಕೇಳಿದ: “ಆಂಟಿ, ಪಿಆರ್‌ಪಿ ಮಾಡಿಸಿಕೊಂಡ್ರೆ ಕೂದ್ಲು ಬರತ್ತಾ?”

ನನಗೆ ಒಳಗೊಳಗೇ ಖುಷಿಯಾಯಿತು. ಗುಟ್ಟು ಹೇಳುವುದಕ್ಕಾದರೂ ಕನ್ನಡ ಕೆಲಸಕ್ಕೆ ಬಂತಲ್ಲ ಎಂದು. ಆಮೇಲೆ ಅವನ ಮುಖ ನೋಡಿದೆ. ಅದು ತಮಾಷೆಯ ಮುಖ ಆಗಿರಲಿಲ್ಲ. “ನಾನೂ ಮಾಡಿಸಿಕೊಂಡಿದ್ದೇನೆ ಕಣೋ” ಎಂದೆ. ಅವನು ಮಡಚುತ್ತಿದ್ದ ಕುರ್ಚಿಯನ್ನು ಹಾಗೇ ಹಿಡಿದು ನಿಂತ.

ಅವನಿಗೆ ಅಂದು ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ನಿಮಗೆಲ್ಲ ಸೇರಿಸಿ ಇವತ್ತು ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಕನ್ನಡ ಎಂ.ಎ. ಓದಿ, ಮನೆ ಮಕ್ಕಳು ನೋಡಿಕೊಂಡು, ವಾರಕ್ಕೊಮ್ಮೆ ಪಾಠ ಹೇಳುವ ಗೃಹಿಣಿ. ಅದಕ್ಕೇ ಔಷಧದ ಬಗ್ಗೆ ಸಲಹೆ ಕೊಡುವುದಿಲ್ಲ, ಔಷಧದ ಚರಿತ್ರೆ ಹೇಳುತ್ತೇನೆ. ಒಂದು ಚಿಕಿತ್ಸೆ ಎಲ್ಲಿಂದ ಹೊರಟು ಹೇಗೆ ನಮ್ಮ ತಲೆಯವರೆಗೆ ಬಂತು ಎಂದು ಗೊತ್ತಾದರೆ, ಡಾಕ್ಟರ ಮುಂದೆ ಕುಳಿತಾಗ ಏನು ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಮೊದಲು ಪಿಆರ್‌ಪಿ ಎಂದರೇನು ನೋಡೋಣ. ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ. ನಮ್ಮ ಕಾಲದ ಶಾಲಾ ಪುಸ್ತಕದಲ್ಲಿ ಪ್ಲೇಟ್‌ಲೆಟ್‌ಗೆ ‘ಕಿರುತಟ್ಟೆ’ ಎಂಬ ಚೆಂದದ ಹೆಸರಿತ್ತು. ಪ್ಲಾಸ್ಮಾ ಎಂದರೆ ರಕ್ತರಸ. ಹಾಗಾದರೆ ಇದು ‘ಕಿರುತಟ್ಟೆ ತುಂಬಿದ ರಕ್ತರಸ’. ಬೆಂಗಳೂರಿನಲ್ಲಿ ಅಜ್ಜಿ ತಾತ ಇರುವವರಿಗೆ ಪ್ಲೇಟ್‌ಲೆಟ್ ಹೊಸ ಪದವಲ್ಲ. ಪ್ರತಿ ಮಳೆಗಾಲ ಡೆಂಗಿ ಜ್ವರ ಶುರುವಾದರೆ ವಾಟ್ಸಾಪ್ ತುಂಬ ಅದೇ ಮಾತು: ಪ್ಲೇಟ್‌ಲೆಟ್ ಇಳಿದಿದೆ, ಪ್ಲೇಟ್‌ಲೆಟ್ ಏರಿದೆ, ಪಪ್ಪಾಯಿ ಎಲೆಯ ರಸ ಕುಡಿಸಿ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಕಿರುತಟ್ಟೆಗಳಿರುತ್ತವೆ. ಗಾಯವಾದಾಗ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವುದು ಇವುಗಳ ಮುಖ್ಯ ಕೆಲಸ. ಅಷ್ಟೇ ಅಲ್ಲ, ಗಾಯದ ಜಾಗದಲ್ಲಿ ಹೊಸ ಜೀವಕೋಶಗಳನ್ನು ಬೆಳೆಯಲು ಪ್ರೇರೇಪಿಸುವ ಬೆಳವಣಿಗೆಯ ಅಂಶಗಳನ್ನೂ ಇವು ಬಿಡುಗಡೆ ಮಾಡುತ್ತವೆ.

ಕ್ಲಿನಿಕ್‌ನಲ್ಲಿ ನಡೆಯುವುದು ಇಷ್ಟು. ನಿಮ್ಮ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮದ್ದು ಬೆರೆಸಿ, ಯಂತ್ರದಲ್ಲಿಟ್ಟು ಜೋರಾಗಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆಯಾಗುವ ಹಾಗೆ ರಕ್ತವೂ ಪದರ ಪದರವಾಗಿ ಬೇರೆಯಾಗುತ್ತದೆ. ಭಾರವಾದ ಕೆಂಪು ಕಣಗಳು ಕೆಳಗೆ, ಹೊಂಬಣ್ಣದ ರಕ್ತರಸ ಮೇಲೆ, ನಡುವೆ ತೆಳುವಾದ ಒಂದು ಪದರ. ಕಿರುತಟ್ಟೆಗಳು ದಟ್ಟವಾಗಿರುವ ಭಾಗವನ್ನು ಸೂಜಿಗೆ ಎಳೆದುಕೊಂಡು ನೆತ್ತಿಯ ಚರ್ಮಕ್ಕೆ ಹತ್ತಾರು ಕಡೆ ಚುಚ್ಚುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆಯಂತೆ ಮೂರು ಸಲ, ಆಮೇಲೆ ಆಗಾಗ. ನೋವಾಗುತ್ತದೆಯೇ ಎಂದರೆ, ಆಗುತ್ತದೆ. ಹಣೆಯ ಹತ್ತಿರ ಚುಚ್ಚುವಾಗ ನಾನು ಮನಸ್ಸಿನಲ್ಲೇ ಕನ್ನಡ ಅಂಕಿ ಎಣಿಸುತ್ತಿದ್ದೆ.

ನಮ್ಮದೇ ರಕ್ತದಿಂದ ನಮ್ಮದೇ ಕೂದಲು ಎಂಬುದು ತೀರಾ ಇಪ್ಪತ್ತೊಂದನೇ ಶತಮಾನದ ಆಲೋಚನೆ ಅನ್ನಿಸುತ್ತದೆ ಅಲ್ಲವೇ? ಆದರೆ ನೆತ್ತಿಗೆ ಸೂಜಿ ಚುಚ್ಚುವುದು, ಕೂದಲಿಗೂ ರಕ್ತಕ್ಕೂ ನಂಟು ಹಾಕುವುದು ಎರಡೂ ಬಹಳ ಹಳೆಯವು.

ಕೂದಲು ಉದುರುವುದಕ್ಕೆ ಸುಶ್ರುತ ಸಂಹಿತೆಯಲ್ಲಿ ‘ಇಂದ್ರಲುಪ್ತ’ ಎಂಬ ಹೆಸರಿದೆ, ‘ಖಾಲಿತ್ಯ’ ಎಂದೂ ಕರೆಯುತ್ತಾರೆ. ನನ್ನ ತರಗತಿಯಲ್ಲಿದ್ದವರಿಗೆ ಲೋಪಸಂಧಿ ನೆನಪಿರಬೇಕು. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಾಗ ನಡುವಿನ ಉಕಾರ ಮಾಯವಾಗುತ್ತದೆ. ಆ ಲೋಪವೂ ಈ ಲುಪ್ತವೂ ಒಂದೇ ಬೇರಿನ ಪದಗಳು. ನಿದಾನಸ್ಥಾನದ 13ನೇ ಅಧ್ಯಾಯದಲ್ಲಿ ಇದರ ಕಾರಣ ಹೇಳಿದೆ. ಪಿತ್ತವೂ ವಾತವೂ ಕೂದಲ ಬುಡಕ್ಕೆ ಹೋಗಿ ಕೂದಲನ್ನು ಉದುರಿಸುತ್ತವೆ. ಬಳಿಕ ಕಫವು ರಕ್ತದೊಡನೆ ಸೇರಿ ಆ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಹೊಸ ಕೂದಲು ಹುಟ್ಟುವುದಿಲ್ಲ. ಅಂದರೆ ಅವರ ಲೆಕ್ಕದಲ್ಲಿ ರಕ್ತ ತಪ್ಪಿತಸ್ಥರಲ್ಲೊಬ್ಬ.

ಕಾರಣ ಹಾಗಿದ್ದರೆ ಚಿಕಿತ್ಸೆಯೂ ಹಾಗೇ ಇರಬೇಕಲ್ಲ. ಚಿಕಿತ್ಸಾಸ್ಥಾನದ 20ನೇ ಅಧ್ಯಾಯದಲ್ಲಿ ತಲೆಗೆ ಎಣ್ಣೆ ಹಚ್ಚಿ, ಶಾಖ ಕೊಟ್ಟು, ರಕ್ತನಾಳವನ್ನು ಚುಚ್ಚಿ ರಕ್ತ ಹೊರಗೆ ಬಿಡಬೇಕು ಎಂದಿದೆ. ಆಮೇಲೆ ಮೆಣಸು, ಮೈಲುತುತ್ತ ಮುಂತಾದವುಗಳ ಲೇಪ. ಇನ್ನೊಂದು ದಾರಿ, ನೆತ್ತಿಯ ಚರ್ಮವನ್ನು ಆಳವಾಗಿ ಗೀರಿ ಅದರ ಮೇಲೆ ಗುಲಗಂಜಿಯ ಲೇಪವನ್ನು ಮತ್ತೆ ಮತ್ತೆ ಹಚ್ಚುವುದು. ಗುಲಗಂಜಿ ನೋಡಿದ್ದೀರಾ? ಕೆಂಪು ಮೈ, ತುದಿಯಲ್ಲಿ ಕಪ್ಪು ಬೊಟ್ಟು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜ. ನೋಡಲು ಮುದ್ದಾದರೂ ಕಡುವಿಷ. ದಯವಿಟ್ಟು ಯಾರೂ ಮನೆಯಲ್ಲಿ ಪ್ರಯೋಗಕ್ಕಿಳಿಯಬೇಡಿ.

ಇದನ್ನು ಹೇಳಿದ್ದು “ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು” ಎಂದು ಎದೆ ತಟ್ಟಿಕೊಳ್ಳಲು ಅಲ್ಲ. ಸುಶ್ರುತನ ವೈದ್ಯರು ನೆತ್ತಿಯಿಂದ ರಕ್ತ ಹೊರಗೆ ತೆಗೆದರು, ಇಂದಿನವರು ಒಳಗೆ ಹಾಕುತ್ತಾರೆ. ಎರಡೂ ಒಂದೇ ಅಲ್ಲ, ಪೂರ್ತಿ ಉಲ್ಟಾ. ಆದರೆ ಒಂದು ಹೋಲಿಕೆ ಇದೆ. ಆಯಾ ಕಾಲದವರು ತಮ್ಮ ಬಳಿಯಿದ್ದ ಅತ್ಯುತ್ತಮ ಸಿದ್ಧಾಂತವನ್ನೇ ಬೋಳುತಲೆಯ ಮೇಲೂ ಹೂಡಿದರು. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವು ಇವುಗಳ ಕೊಬ್ಬನ್ನು ಬೆರೆಸಿ ಹಚ್ಚುವ ಮದ್ದು ಇದೆ. ಗ್ರೀಕರ ಹಿಪೊಕ್ರೆಟಿಸ್ ಪರಂಪರೆಯವರು ಮದ್ದಿಗಿಂತ ಒಳ್ಳೆಯ ಒಂದು ಗಮನಿಕೆ ಬಿಟ್ಟುಹೋದರು: ನಪುಂಸಕರಿಗೆ ತಲೆ ಬೋಳಾಗುವುದಿಲ್ಲ. ಅದು ಏಕೆ ಎಂದು ಗಟ್ಟಿಯಾಗಿ ತಿಳಿಯಲು 1942 ಬರಬೇಕಾಯಿತು. ಆ ವರ್ಷ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ವಂಶದ ಗುಣ ಇದ್ದವರಲ್ಲಿ ಗಂಡು ಹಾರ್ಮೋನು ಸೇರಿದಾಗ ಮಾತ್ರ ಈ ಬಗೆಯ ಬೋಳು ಮೂಡುತ್ತದೆ ಎಂದು ತೋರಿಸಿದರು.

ಕನ್ನಡದಲ್ಲೂ ವೈದ್ಯ ಬರೆಯುವ ಪರಂಪರೆ ಹಳೆಯದು. ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. 14ನೇ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ ಎಂಬ ವಿಷವೈದ್ಯದ ಗ್ರಂಥವನ್ನೇ ಬರೆದ. ಎಂ.ಎ. ಓದುವಾಗ ಇವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಈಗ ಅನ್ನಿಸುತ್ತದೆ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವೈದ್ಯ ಹೇಳಬೇಕು ಎಂದು ಅವರಿಗಾಗಲೇ ಹೊಳೆದಿತ್ತು. ನನ್ನ ವಿದ್ಯಾರ್ಥಿ ಕನ್ನಡದಲ್ಲಿ ಕೇಳಿದ್ದೂ ಆ ದಾರಿಯಲ್ಲೇ ಅಂದುಕೊಳ್ಳುತ್ತೇನೆ.

ಈಗ ಪಿಆರ್‌ಪಿಯ ಪ್ರಯಾಣಕ್ಕೆ ಬರೋಣ. ಇದು ಹುಟ್ಟಿದ್ದು ಕೂದಲಿಗಾಗಿ ಅಲ್ಲ, ಇಲ್ಲಿಗೆ ಬಂದದ್ದು ಊರೂರು ಸುತ್ತಿ. 1882ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಜೂಲಿಯೋ ಬಿಜೊಜೆರೊ ಎಂಬ ವೈದ್ಯ, ಕಿರುತಟ್ಟೆ ಕೆಂಪು ಕಣವೂ ಅಲ್ಲ ಬಿಳಿ ಕಣವೂ ಅಲ್ಲ, ರಕ್ತದ ಮೂರನೆಯ ಕಣ ಎಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ರಕ್ತ ನಿಲ್ಲಿಸುವುದರಲ್ಲಿ ಅದರ ಪಾತ್ರವನ್ನು ವಿವರಿಸಿದ. 1970ರ ದಶಕದ ಹೊತ್ತಿಗೆ ಕಿರುತಟ್ಟೆ ಕಡಿಮೆಯಾಗಿ ರಕ್ತ ಸುರಿಯುವ ರೋಗಿಗಳಿಗೆ ಕೊಡುವ ದ್ರವಕ್ಕೆ ಪಿಆರ್‌ಪಿ ಎಂಬ ಹೆಸರು ರಕ್ತವೈದ್ಯರಲ್ಲಿ ಬಳಕೆಯಲ್ಲಿತ್ತು. 1974ರಲ್ಲಿ ಸಿಯಾಟಲ್‌ನ ರಸೆಲ್ ರಾಸ್ ಮತ್ತು ಸಂಗಡಿಗರು, ಕಿರುತಟ್ಟೆಯಿಂದ ಬರುವ ಒಂದು ಅಂಶ ಜೀವಕೋಶಗಳನ್ನು ಬೆಳೆಸುತ್ತದೆ ಎಂದು ತೋರಿಸಿದರು. ಅಲ್ಲಿಯವರೆಗೆ ರಕ್ತ ನಿಲ್ಲಿಸುವ ಕಾವಲುಗಾರನಾಗಿದ್ದ ಕಿರುತಟ್ಟೆ ಅಲ್ಲಿಂದ ಮುಂದೆ ಗಾಯ ಕಟ್ಟುವ ಗಾರೆಯವನೂ ಆಯಿತು.

1987ರಲ್ಲಿ ಇಟಲಿಯ ಹೃದಯ ಶಸ್ತ್ರವೈದ್ಯರು, ಬೇರೆಯವರ ರಕ್ತ ಹೆಚ್ಚು ಕೊಡಬೇಕಾಗದಂತೆ, ರೋಗಿಯದೇ ಪಿಆರ್‌ಪಿಯನ್ನು ತೆಗೆದಿಟ್ಟು ಮರಳಿ ಕೊಟ್ಟರು. 1998ರಲ್ಲಿ ರಾಬರ್ಟ್ ಮಾರ್ಕ್ಸ್ ಎಂಬ ದವಡೆಯ ಶಸ್ತ್ರವೈದ್ಯರ ತಂಡ, ದವಡೆ ಮೂಳೆ ಕಳೆದುಕೊಂಡವರಿಗೆ ಮೂಳೆ ಕಸಿ ಮಾಡುವಾಗ ಅದರ ಜೊತೆ ಪಿಆರ್‌ಪಿ ಬೆರೆಸಿದರೆ ಮೂಳೆ ಬೇಗ ಗಟ್ಟಿಯಾಗುತ್ತದೆ ಎಂದು ವರದಿ ಮಾಡಿತು. ಹೃದಯದಿಂದ ದವಡೆಗೆ ಬಂತು ನೋಡಿ.

ಮುಂದಿನ ಹೆಜ್ಜೆ ನಮ್ಮ ಬೇ ಏರಿಯಾದಲ್ಲೇ. 880ರಲ್ಲಿ ಬರ್ಕ್ಲಿ ಕಡೆ ಹೋಗುವಾಗ ದಾಟುವ ಎಮರಿವಿಲ್‌ನಲ್ಲಿ ಕೈರಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಇತ್ತು. ರಾಸ್ ತೋರಿಸಿದ್ದ ಆ ಬೆಳವಣಿಗೆಯ ಅಂಶವನ್ನು ರಕ್ತದಿಂದಲ್ಲ, ಯೀಸ್ಟ್‌ನಿಂದ ತಯಾರಿಸುವ ಕೆಲಸ ಅಲ್ಲಿ ನಡೆಯಿತು. ಅದರಿಂದ ಬಂದ ಮುಲಾಮಿಗೆ ಮಧುಮೇಹಿಗಳ ಕಾಲಿನ ಹುಣ್ಣಿಗೆಂದು 1997ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಒಂದು ಅಂಶ, ಒಂದು ರೋಗ, ಅಳೆದ ಪ್ರಮಾಣ, ಪರೀಕ್ಷೆ, ಅನುಮತಿ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

2006ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಅಂಟಿಕೊಂಡಿರುವ ಮೆನ್ಲೋ ಪಾರ್ಕ್‌ನ ಮೂಳೆ ವೈದ್ಯ ಅಲನ್ ಮಿಶ್ರಾ, ಮೊಣಕೈ ನೋವು ಬಹುಕಾಲ ವಾಸಿಯಾಗದ ರೋಗಿಗಳಿಗೆ ಪಿಆರ್‌ಪಿ ಚುಚ್ಚಿದ ಅಧ್ಯಯನ ಪ್ರಕಟಿಸಿದರು. ನೀವು ಟೆನಿಸ್ ಎಲ್ಬೋ ಎನ್ನುತ್ತೀರಲ್ಲ, ಅದು. ಒಟ್ಟು 20 ಜನ. 15 ಮಂದಿಗೆ ಪಿಆರ್‌ಪಿ, 5 ಮಂದಿಗೆ ಹೋಲಿಕೆಗಾಗಿ ಬೇರೆ ಚುಚ್ಚುಮದ್ದು. ಎಂಟು ವಾರದಲ್ಲಿ ಮೊದಲ ಗುಂಪಿನ ನೋವು ಶೇ. 60ರಷ್ಟು ಇಳಿಯಿತು, ಎರಡನೆಯದರಲ್ಲಿ ಶೇ. 16. ಕುತೂಹಲ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ 20 ಜನ ಎಂದರೆ ನಮ್ಮ ಒಂದು ತರಗತಿಯ ಮಕ್ಕಳಿಗಿಂತ ಕಡಿಮೆ. ಮೂರೇ ವರ್ಷದಲ್ಲಿ, 2009ರ ಸೂಪರ್ ಬೌಲ್‌ಗೆ ಮೊದಲು ಪಿಟ್ಸ್‌ಬರ್ಗ್ ತಂಡದ ಹೈನ್ಸ್ ವಾರ್ಡ್ ಮಂಡಿಗೆ ಪಿಆರ್‌ಪಿ ಹಾಕಿಸಿಕೊಂಡ ಸುದ್ದಿ ಎಲ್ಲ ಕಡೆ ಹರಡಿತು. ತಂಡ ಗೆದ್ದಿತು. ಸಂಶೋಧನೆ ನಡೆಯುವ ವೇಗ ಒಂದು, ಸುದ್ದಿ ಓಡುವ ವೇಗ ಇನ್ನೊಂದು.

ಕೂದಲಿನ ಮೆಟ್ಟಿಲನ್ನೂ ಇದು ಹತ್ತಿದ್ದು 2006ರಲ್ಲೇ. ಬ್ರೆಜಿಲ್‌ನ ಕಾರ್ಲೋಸ್ ಊಬೆಲ್ ಎಂಬ ಪ್ಲಾಸ್ಟಿಕ್ ಸರ್ಜನ್ ಕೂದಲು ಕಸಿ ಮಾಡುವಾಗ, ಕಸಿಯ ಬೇರುಗಳಲ್ಲಿ ಕೆಲವನ್ನು ಕಿರುತಟ್ಟೆಯ ರಕ್ತರಸದಲ್ಲಿ ನೆನೆಸಿ ನೆಟ್ಟರು, ಉಳಿದವನ್ನು ಹಾಗೆಯೇ ನೆಟ್ಟರು. ನೆನೆಸಿದ ಕಡೆ ಸುಮಾರು ಶೇ. 15ರಷ್ಟು ಹೆಚ್ಚು ಬೇರುಗಳು ಹಿಡಿದವು. ಭತ್ತದ ಸಸಿಯನ್ನು ಗೊಬ್ಬರದ ನೀರಿನಲ್ಲಿ ಅದ್ದಿ ನಾಟಿ ಮಾಡಿದ ಹಾಗೆ. ಅಲ್ಲಿಂದ ಇನ್ನೊಂದು ಜಿಗಿತ: ಕಸಿಯೇ ಬೇಡ, ಇರುವ ಕೂದಲ ಬುಡಕ್ಕೇ ಚುಚ್ಚೋಣ. ಮುಂದಿನ ಹತ್ತು ವರ್ಷಗಳಲ್ಲಿ ಇದು ಫ್ರೀಮಾಂಟ್‌ನಿಂದ ಬೆಂಗಳೂರಿನ ಜಯನಗರದವರೆಗೆ ಸಿಗುವ ಚಿಕಿತ್ಸೆಯಾಯಿತು.

ಹಾಗಾದರೆ ಒಂದು ರೋಗಕ್ಕೆ ಹುಟ್ಟಿದ ಮದ್ದು ಇನ್ನೊಂದಕ್ಕೆ ಅಲೆದು ಬರುವುದೇ ತಪ್ಪೇ? ಖಂಡಿತ ಅಲ್ಲ. ಕೂದಲಿನ ಮದ್ದುಗಳೆಲ್ಲ ಹಾಗೇ ಬಂದವು. ಮಿನಾಕ್ಸಿಡಿಲ್ ಎಂಬುದು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಯೆಲ್ಲ ಕೂದಲು ಬೆಳೆಯತೊಡಗಿದಾಗ ಕಂಪನಿಗೆ ಹೊಳೆಯಿತು. ತಲೆಗೆ ಹಚ್ಚುವ ದ್ರವವಾಗಿ ಗಂಡಸರಿಗೆ 1988ರಲ್ಲಿ, ಹೆಂಗಸರಿಗೆ 1991ರಲ್ಲಿ ಇಲ್ಲಿ ಅನುಮತಿ ಸಿಕ್ಕಿತು. ಫಿನಾಸ್ಟರೈಡ್‌ನ ಕತೆ ಇನ್ನೂ ವಿಚಿತ್ರ. 1974ರಲ್ಲಿ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಎಂಬ ವೈದ್ಯೆ, ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯಿದ್ದ ಕುಟುಂಬಗಳ ಬಗ್ಗೆ ಬರೆದರು. ಅವರಲ್ಲಿ ಗಂಡಸರ ಪ್ರಾಸ್ಟೇಟ್ ಗ್ರಂಥಿ ಸಣ್ಣದು, ತಲೆ ಬೋಳಾಗುವುದಿಲ್ಲ. ಆ ಕಿಣ್ವವನ್ನು ತಡೆಯುವ ಮಾತ್ರೆ 1992ರಲ್ಲಿ ಪ್ರಾಸ್ಟೇಟ್‌ಗೆ ಬಂತು, 1997ರಲ್ಲಿ ಕೂದಲಿಗೆ.

ಆದರೆ ಬಂದ ಮೇಲೆ ಅವು ಪರೀಕ್ಷೆಗೆ ಕೂತವು. ನೀವು ಶಾಲೆಯಲ್ಲಿ ಪರೀಕ್ಷೆಗೆ ಕೂರುವ ಹಾಗೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಫಿನಾಸ್ಟರೈಡ್‌ನ ಮುಖ್ಯ ಪರೀಕ್ಷೆಯಲ್ಲಿ 1,553 ಗಂಡಸರಿದ್ದರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಹಾಗೇ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಕೂದಲು ಎಣಿಸಿದವರಿಗೂ ಗೊತ್ತಿಲ್ಲ. ಇಂಥ ಕೂದಲೆಣಿಕೆಯ ವಿಜ್ಞಾನವನ್ನು ಬೆಳೆಸಿದವರಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್ಎಫ್‌ನ ಚರ್ಮವೈದ್ಯೆ ವೇರಾ ಪ್ರೈಸ್ ಪ್ರಮುಖರು. ಇಂಥ ಪರೀಕ್ಷೆ ನಡೆದದ್ದರಿಂದಲೇ ಈ ಮದ್ದುಗಳ ಒಳ್ಳೆಯದೂ ಗೊತ್ತು, ಕೆಟ್ಟದ್ದೂ ಗೊತ್ತು. ಮಿನಾಕ್ಸಿಡಿಲ್ ನಿಲ್ಲಿಸಿದರೆ ಬಂದ ಕೂದಲು ಹೋಗುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗಬಹುದು, ಬಸುರಿಯರು ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ಇದೆಲ್ಲ ಡಬ್ಬದ ಮೇಲೆ ಬರೆದಿರುತ್ತದೆ.

ಪಿಆರ್‌ಪಿಗೆ ಡಬ್ಬವೇ ಇಲ್ಲ. ಅದು ನಿಮ್ಮದೇ ರಕ್ತ, ಕಾರ್ಖಾನೆಯ ಮಾತ್ರೆ ಅಲ್ಲ. ರಕ್ತವನ್ನು ಬೇರ್ಪಡಿಸುವ ಉಪಕರಣಗಳಿಗೆ ಎಫ್‌ಡಿಎ ಒಪ್ಪಿಗೆ ಇದೆ, ಅದೂ ಮುಖ್ಯವಾಗಿ ಮೂಳೆ ಕಸಿಯ ಕೆಲಸಕ್ಕೆ. ಕೂದಲಿಗೆ ಬಳಸುವುದು ಆಯಾ ವೈದ್ಯರ ವಿವೇಚನೆಯ ಮೇಲೆ. ಅದು ಕಾನೂನುಬಾಹಿರವಲ್ಲ, ಆದರೆ ಪರೀಕ್ಷೆ ಪಾಸಾಗಿ ಬಂದದ್ದೂ ಅಲ್ಲ. ಒಬ್ಬರು ಒಂದು ಸಲ ತಿರುಗಿಸುತ್ತಾರೆ, ಇನ್ನೊಬ್ಬರು ಎರಡು ಸಲ. ಒಬ್ಬರ ಸೂಜಿಯಲ್ಲಿ ಕಿರುತಟ್ಟೆ ಎರಡು ಪಟ್ಟು, ಇನ್ನೊಬ್ಬರದರಲ್ಲಿ ಆರು ಪಟ್ಟು. ಎಲ್ಲದಕ್ಕೂ ಹೆಸರು ಮಾತ್ರ ಪಿಆರ್‌ಪಿ. ಹತ್ತು ಮನೆಯ ಹುಳಿಗೂ ಒಂದೇ ಹೆಸರು ಇರುವ ಹಾಗೆ. ಅಧ್ಯಯನಗಳು ನಡೆದಿವೆ, ತಲೆಯ ಅರ್ಧಕ್ಕೆ ಪಿಆರ್‌ಪಿ ಇನ್ನರ್ಧಕ್ಕೆ ಉಪ್ಪುನೀರು ಚುಚ್ಚಿ ಹೋಲಿಸಿದ ಜಾಣ ಪ್ರಯೋಗಗಳೂ ಇವೆ. ವಂಶಪಾರಂಪರ್ಯವಾಗಿ ತೆಳ್ಳಗಾಗುತ್ತಿರುವ ಕೂದಲಿನಲ್ಲಿ ಕೆಲವರಿಗೆ ಸ್ವಲ್ಪ ದಟ್ಟವಾದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವುಗಳಲ್ಲಿ ವ್ಯತ್ಯಾಸ ಕಂಡಿಲ್ಲ. ಹೆಚ್ಚಿನವು ಸಣ್ಣ ಗುಂಪಿನವು. ಬೇರು ಸತ್ತುಹೋದ ನುಣ್ಣನೆಯ ನೆತ್ತಿಯಲ್ಲಿ ಇದು ಹೊಸ ಕೂದಲು ಹುಟ್ಟಿಸುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. “ನಮ್ಮದೇ ರಕ್ತ, ಏನಾಗುತ್ತದೆ” ಎನ್ನುತ್ತಾರೆ. ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಮುಖದ ಕಾಂತಿಗಾಗಿ ಪಿಆರ್‌ಪಿ ಮಾಡಿಸಿಕೊಂಡ ಹೆಂಗಸರಿಗೆ ಎಚ್ಐವಿ ತಗುಲಿತ್ತು. ಸಿಡಿಸಿ ಆ ತನಿಖೆಯ ವರದಿಯನ್ನು 2024ರಲ್ಲಿ ಪ್ರಕಟಿಸಿತು. ರಕ್ತ ನಿಮ್ಮದೇ ಇರಬಹುದು, ಸೂಜಿ ಯಾರದ್ದು ಎಂಬುದೂ ಅಷ್ಟೇ ಮುಖ್ಯ.

ಈಗ ನನ್ನ ಕತೆ. ನಲವತ್ತಮೂರನೇ ವಯಸ್ಸಿನಲ್ಲಿ ನನ್ನ ಬೈತಲೆ ಅಗಲವಾಯಿತು. ಜಡೆ ಹಿಡಿದರೆ ಬೆರಳಷ್ಟು. ಯಾರಿಗೂ ಹೇಳದೆ ಒಂದು ಕ್ಲಿನಿಕ್‌ಗೆ ಹೋದೆ. ಗೋಡೆಯ ತುಂಬ ಮೊದಲು–ನಂತರದ ಚಿತ್ರಗಳು. ಹತ್ತು ನಿಮಿಷದಲ್ಲಿ ಮೂರು ಸಲದ ಪ್ಯಾಕೇಜಿಗೆ ಸಹಿ ಹಾಕಿದೆ. ಎರಡು ಸಾವಿರ ಡಾಲರಿಗೂ ಮೇಲೆ. ಕೂದಲು ಯಾವಾಗಿನಿಂದ ಉದುರುತ್ತಿದೆ, ಮುಟ್ಟು ಹೇಗಿದೆ, ಸುಸ್ತಿದೆಯೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅಲ್ಲಿಂದ ಬೇಗ ಹೊರಬಿದ್ದರೆ ಸಾಕಿತ್ತು. ಮೂರು ಸಲವೂ ಮುಗಿಯಿತು. ಬೈತಲೆ ಹಾಗೇ ಇತ್ತು. ಕೆಲವು ತಿಂಗಳಾದ ಮೇಲೆ ವರ್ಷದ ತಪಾಸಣೆಗೆ ಹೋದಾಗ ನಮ್ಮ ಮನೆ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ಕಬ್ಬಿಣದ ದಾಸ್ತಾನು ತಳ ಹಿಡಿದಿತ್ತು. ಮಾತ್ರೆ ಶುರುಮಾಡಿ ಆರು ತಿಂಗಳಿಗೆ ಬಾಚಣಿಗೆಯಲ್ಲಿ ಬರುವ ಕೂದಲು ಕಡಿಮೆಯಾಯಿತು.

ಪಿಆರ್‌ಪಿಯಿಂದ ನನಗೆ ಏನೂ ಆಗಲಿಲ್ಲ ಎಂದು ಹೇಳಲಾರೆ, ಆಯಿತು ಎಂದೂ ಹೇಳಲಾರೆ. ಎರಡೂ ಒಂದರ ಹಿಂದೆ ಒಂದು ನಡೆದವು. ಆದರೆ ಒಂದು ಮಾತು ಈಗಲೂ ಚುಚ್ಚುತ್ತದೆ. ನನ್ನ ರಕ್ತವನ್ನು ಮೂರು ಸಲ ತೆಗೆದರು, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಒಂದು ಸಲವೂ ನೋಡಲಿಲ್ಲ.

ನಾನೇಕೆ ಯಾರಿಗೂ ಹೇಳದೆ ಹೋದೆ? ಅದಕ್ಕೂ ಒಂದು ಚರಿತ್ರೆ ಇದೆ. ಕನ್ನಡ ಸಿನಿಮಾಗಳಲ್ಲಿ ಬರುವ ಒಂದು ಬೈಗುಳ ನಿಮಗೆಲ್ಲ ಗೊತ್ತು. ‘ಬೋಳಿ’ ಎಂಬ ಪದಕ್ಕೆ ‘ಮಗ’ ಸೇರಿಸಿ ಬೈಯುತ್ತಾರೆ. ನಗುತ್ತ ಸ್ನೇಹಿತರಿಗೂ ಅಂದಿರುತ್ತೀರಿ. ಅದರ ಅರ್ಥ ‘ತಲೆ ಬೋಳಿಸಿದ ಹೆಂಗಸಿನ ಮಗ’, ಅಂದರೆ ವಿಧವೆಯ ಮಗ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಮೂಲೆಯಲ್ಲಿ ಕೂರಿಸುವ ಪದ್ಧತಿ ನಮ್ಮ ಕೆಲವು ಜಾತಿಗಳಲ್ಲಿತ್ತು. ನನ್ನ ಅಜ್ಜಿಯ ಅಕ್ಕ ಹಾಗಿದ್ದರು. ಸೆರಗು ಜಾರಿದಾಗ ಅವರ ನೆತ್ತಿ ನೋಡಿ ನಾನು, ಏಳು ವರ್ಷದವಳು, ನಕ್ಕುಬಿಟ್ಟಿದ್ದೆ. ಅವರು ಸೆರಗು ಎಳೆದುಕೊಂಡು ಒಳಗೆ ಹೋದರು. ಆಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದಾಗ ಆ ನಗು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. 1976ರ ಆ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದ್ದಾರೆ. ತನಗಾದದ್ದನ್ನು ಸಹಿಸಿಕೊಂಡ ಫಣಿಯಮ್ಮ, ಇನ್ನೊಬ್ಬ ಎಳೆಯ ಹುಡುಗಿಯ ತಲೆ ಬೋಳಿಸಲು ಹೊರಟಾಗ ಬೇಡ ಎನ್ನುತ್ತಾಳೆ. ಹೆಣ್ಣಿನ ತಲೆಯಲ್ಲಿ ಕೂದಲಿಲ್ಲದ್ದನ್ನು ನಮ್ಮ ಭಾಷೆ ಅಷ್ಟು ಕಾಲ ಅಪಶಕುನ ಎಂದು ಕರೆದ ಮೇಲೆ, ನಾನು ಕ್ಯಾಲಿಫೋರ್ನಿಯಾದಲ್ಲಿದ್ದರೂ ಬೈತಲೆ ಮುಚ್ಚಿಕೊಂಡು ಕಾರು ಹತ್ತಿದ್ದರಲ್ಲಿ ಆಶ್ಚರ್ಯವೇನು?

ಗಂಡುಮಕ್ಕಳ ಪಾಡನ್ನು ಹೇಳಲು 2017ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಬಂತು. ನಾಯಕ ಮಂಗಳೂರಿನ ಒಬ್ಬ ಕನ್ನಡ ಮೇಷ್ಟ್ರು, ಬೋಳುತಲೆಯಿಂದಾಗಿ ಹೆಣ್ಣು ಸಿಗುವುದಿಲ್ಲ. ಆ ಸಿನಿಮಾ ಮೊದಲು ನಮ್ಮನ್ನು ಅವನ ತಲೆ ನೋಡಿ ನಗಿಸುತ್ತದೆ, ಆಮೇಲೆ ಅವನೂ ಬೇರೆಯವರನ್ನು ರೂಪದಿಂದಲೇ ಅಳೆಯುತ್ತಾನೆ ಎಂದು ತೋರಿಸುತ್ತದೆ. ನೋಡಿಲ್ಲದಿದ್ದರೆ ನೋಡಿ, ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಿ. ಇಲ್ಲೇ ಬೇ ಏರಿಯಾದಲ್ಲೂ ಬಾಯಿ ಬಿಟ್ಟು ಮಾತಾಡಿದವರಿದ್ದಾರೆ. ನಾಣ್ಯದಗಲ ಬೋಳು ಕಲೆಗಳು ಮೂಡುವ ಅಲೊಪೇಸಿಯಾ ಏರಿಯೇಟಾ ಎಂಬ ಬೇರೆಯದೇ ರೋಗವಿದೆ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬೇರಿನ ಮೇಲೆ ಬೀಳುವುದು ಅದಕ್ಕೆ ಕಾರಣ. ಅದರಿಂದ ಬಳಲುವವರ ರಾಷ್ಟ್ರೀಯ ಸಂಸ್ಥೆ 1981ರಲ್ಲಿ ಸ್ಯಾನ್ ರಾಫೆಲ್‌ನಲ್ಲಿ ಶುರುವಾಯಿತು. ಅವರು ಬಚ್ಚಿಟ್ಟುಕೊಳ್ಳದೆ ಒಟ್ಟುಗೂಡಿ ಸಂಶೋಧನೆಗೆ ಬೆನ್ನೆಲುಬಾದರು. 2022ರಲ್ಲಿ ಬಾರಿಸಿಟಿನಿಬ್ ಎಂಬ ಮಾತ್ರೆಗೆ ಆ ರೋಗಕ್ಕಾಗಿಯೇ ಅನುಮತಿ ಸಿಕ್ಕಿತು.

ನನ್ನ ವಿದ್ಯಾರ್ಥಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಚರ್ಮವೈದ್ಯರ ಹತ್ತಿರ ಹೋಗಿ ಇದು ಯಾವ ಬಗೆಯ ಉದುರುವಿಕೆ ಎಂದು ಕೇಳಿ. ವಂಶದ್ದೋ, ಕಬ್ಬಿಣ ಥೈರಾಯ್ಡ್‌ನದ್ದೋ, ಜ್ವರ ಬಂದು ಹೋದದ್ದೋ, ಓದಿನ ಒತ್ತಡದ್ದೋ. ಪರೀಕ್ಷೆ ಪಾಸಾದ ಮದ್ದು ನನಗೆ ಒಗ್ಗುತ್ತದೆಯೇ ಎಂದು ಕೇಳಿ. ಆಮೇಲೂ ಪಿಆರ್‌ಪಿ ಬೇಕೆನ್ನಿಸಿದರೆ, ನನ್ನ ಬಗೆಯ ಕೂದಲಿಗೆ ಏನು ಪುರಾವೆ ಇದೆ, ಎಷ್ಟು ತಿಂಗಳಲ್ಲಿ ಹೇಗೆ ಅಳೆಯುತ್ತೀರಿ, ಫಲ ಬಾರದಿದ್ದರೆ ಯಾವಾಗ ನಿಲ್ಲಿಸುತ್ತೀರಿ, ಸೂಜಿ ಕೊಳವೆ ಎಲ್ಲ ಹೊಸತೇ ಎಂದು ಕೇಳಿ. ಉತ್ತರ ಕೊಡಲು ಬೇಸರಪಡುವವರಿಗೆ ನಿಮ್ಮ ದುಡ್ಡು ಕೊಡಬೇಡಿ. ಮಾಡಿಸಿಕೊಂಡರೆ ನಾಚಿಕೆ ಇಲ್ಲ, ಮಾಡಿಸಿಕೊಳ್ಳದೆ ಬೋಳುತಲೆಯಲ್ಲೇ ಓಡಾಡಿದರೂ ಇಲ್ಲ.

ಅವನು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: “ಆಂಟಿ, ನಿಮ್ಮ ಅಜ್ಜಿಯ ಅಕ್ಕನ ಹೆಸರೇನು?” ಆ ಮನೆಯಲ್ಲಿ ಎಲ್ಲರೂ ಅವರನ್ನು ‘ಮಡಿ ಅಜ್ಜಿ’ ಎನ್ನುತ್ತಿದ್ದರು. ನನಗೆ ಹೆಸರು ಗೊತ್ತಿರಲಿಲ್ಲ. ಅಂದು ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಅವರೂ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು. ಮುಂದಿನ ಶನಿವಾರ ಅವನಿಗೆ ಆ ಹೆಸರು ಹೇಳಿದೆ.

ಈ ಮಾತುಗಳನ್ನು ರೇಡಿಯೋದಲ್ಲಿ ಹೇಳಲು ಅವನು ಒಪ್ಪಿದ್ದಾನೆ. ಹೋದ ವಾರ ಚರ್ಮವೈದ್ಯರ ಹತ್ತಿರ ಸಮಯ ಗೊತ್ತುಮಾಡಿಕೊಂಡಿದ್ದಾನಂತೆ. ಟೋಪಿ ಇನ್ನೂ ತಲೆಯ ಮೇಲೇ ಇದೆ. ಇರಲಿ, ಅದು ಅವನ ಟೋಪಿ. ಮುಂದಿನ ತಿಂಗಳು ಮತ್ತೆ ಸಿಗೋಣ. ನಮಸ್ಕಾರ.